ಹೈಜೀನ್ ಅಂದ್ರ ಕನ್ನಡದಾಗ ಏನು?

ಹೋದ ತಿಂಗಳು ಒಂದು ಮುಂಜಾನೆ ಸವಣೂರಿನಿಂದ ಫೋನ್ ಬಂದಾಗ ನಾನು ಪಾತ್ರೆ ತಿಕ್ಕುತ್ತಿದ್ದೆ. ಕೈತುಂಬ ನೊರೆ. ನಮ್ಮ ಯಜಮಾನರು ಫೋನನ್ನು ನನ್ನ ಕಿವಿಗೆ ಹಿಡಿದರು. "ಸಾಹೇಬ್ರು ತೀರಿಕೊಂಡ್ರಂತ್ರಿ ಅಕ್ಕೋರ" ಎಂದಿತು ಆ ಕಡೆಯ ದನಿ. ಯಾವ ಸಾಹೇಬರು ಎಂದು ನಾನು ಕೇಳಲಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳಲ್ಲಿ ಎಷ್ಟೋ ಸಾಹೇಬರು ಬಂದರು, ಬದಲಿಯಾಗಿ ಹೋದರು. ಶಾಲೆಯ ಮಕ್ಕಳು ದೂರದಿಂದಲೇ ಸ್ಕೂಟರಿನ ಸದ್ದು ಕೇಳಿ ಉಗುರು ಕಚ್ಚಿ ಕಚ್ಚಿ ಸಣ್ಣ ಮಾಡಿಕೊಳ್ಳುತ್ತಿದ್ದದ್ದು ಒಬ್ಬರೇ ಸಾಹೇಬರಿಗೆ. ಫೋನ್ ಇಟ್ಟ ಮೇಲೆ ನಾನು ಕೈ ತೊಳೆದುಕೊಂಡೆ. ಅವರು ಕಲಿಸಿದ ಹಾಗೆಯೇ, ಮೊದಲು ಅಂಗೈ, ಆಮೇಲೆ ಬೆರಳ ಸಂದಿ, ಹೆಬ್ಬೆರಳಿನ ಬುಡ. ಮಣಿಕಟ್ಟಿಗೆ ಬರುವಷ್ಟರಲ್ಲಿ ಅಳು ಬಂದಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ನನ್ನ ಹೆಸರು ಯಾಕ್ರಿ ಅಕ್ಕೋರ, ಒಂದು ಚಲೋ ಸಾಬೂನಿನ ಹೆಸರು ಬರೀರಿ, ಮಂದಿಗೆ ಉಪಯೋಗ ಆಗತೈತಿ" ಎನ್ನುತ್ತಿದ್ದರು. ಆರೋಗ್ಯ ಇಲಾಖೆಯಲ್ಲಿ ಅವರದು ಜನರಿಗೆ ತಿಳಿವಳಿಕೆ ಹೇಳುವ ಕೆಲಸ. ಚುಚ್ಚುಮದ್ದು ಕೊಡುವವರಲ್ಲ, ಗುಳಿಗೆ ಬರೆದುಕೊಡುವವರಲ್ಲ. ಶಾಲೆ, ಪಂಚಾಯಿತಿ, ಹೆಣ್ಣುಮಕ್ಕಳ ಸಂಘ, ಎಲ್ಲಿ ನಾಲ್ಕು ಜನ ಕೂತಿದ್ದರೂ ಅಲ್ಲಿ ನಿಂತು ಕೈ ತೊಳೆಯುವುದು ಹೇಗೆ ಎಂದು ಹೇಳಬೇಕು. ಹುಟ್ಟಿದಾಗಿನಿಂದ ಕೈ ತೊಳೆಯುತ್ತಿರುವ ಜನರಿಗೆ ಕೈ ತೊಳೆಯುವುದನ್ನು ಹೇಳುವುದು ಎಷ್ಟು ಕಷ್ಟದ ಕೆಲಸ ಎಂಬುದು ವ್ಯಾಕರಣ ಕಲಿಸುವ ನನ್ನಂಥವಳಿಗೆ ಮಾತ್ರ ಗೊತ್ತು. ಇಲಾಖೆಯ ಕಾಗದಗಳಲ್ಲಿ ಅದಕ್ಕೆ ಹೈಜೀನ್ ಎಂದಿತ್ತು. ಹಾಗಾಗಿ ಅವರು ಹೈಜೀನ್ ಸಾಹೇಬ್ರು.

ಅವರ ಹೆಗಲಿಗೆ ಒಂದು ಚಂಚಿ ಇರುತ್ತಿತ್ತು. ನಮ್ಮ ಕಡೆಯ ಹಿರಿಯರು ಎಲೆ, ಅಡಿಕೆ, ಸುಣ್ಣಗಳನ್ನು ಬೇರೆ ಬೇರೆ ಖಾನೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಆ ಬಟ್ಟೆಯ ಚೀಲ. ಎಲೆ ಬೆಳೆಯುವ ಸವಣೂರಿನ ಮನುಷ್ಯ ಚಂಚಿ ಬಿಚ್ಚಿದರೆ ಯಾರು ಸುಮ್ಮನಿರುತ್ತಾರೆ? ಕಟ್ಟೆಯ ಮೇಲಿನ ಮುದುಕರೆಲ್ಲ ಕೈ ಚಾಚುತ್ತಿದ್ದರು. ಸಾಹೇಬ್ರು ಬಹಳ ಮರ್ಯಾದೆಯಿಂದ ಒಬ್ಬೊಬ್ಬರ ಅಂಗೈಯಲ್ಲಿ ಸಾಬೂನಿನ ಒಂದು ತುಣುಕು ಇಡುತ್ತಿದ್ದರು. ಅಡಕತ್ತರಿಯಿಂದ ಅಡಿಕೆಯ ಹಾಗೆಯೇ ಕತ್ತರಿಸಿದ ತುಣುಕು. "ಚಾಚಿದ ಕೈ ಹಿಂದ ತಗೋಬಾರದ್ರಿ, ನಡೀರಿ ನಳದ ಕಡೆ" ಎಂದು ಎಬ್ಬಿಸಿಕೊಂಡು ಹೋಗುತ್ತಿದ್ದರು. ಹಿರೇಕೆರೂರು ಕಡೆಯ ಒಬ್ಬ ಮುತ್ಯಾ ಕಣ್ಣು ಕಾಣದೆ ಅದಕ್ಕೆ ಸುಣ್ಣ ಸವರಿ ಬಾಯಿಗೇ ಹಾಕಿಕೊಂಡು, "ಅಡಿಕಿ ಎಳೇದೈತಿ ತಮ್ಮಾ" ಎಂದಿದ್ದರಂತೆ. ಈ ಕಥೆಯನ್ನು ಸಾಹೇಬ್ರು ಹೇಳುವಾಗಲೆಲ್ಲ ಮುತ್ಯಾನ ಬಾಯಿಂದ ಬರುವ ನೊರೆ ಹೆಚ್ಚಾಗುತ್ತಲೇ ಹೋಗುತ್ತಿತ್ತು.

ಇಷ್ಟೆಲ್ಲ ಹೇಳುವ ಮನುಷ್ಯನ ಸ್ಕೂಟರ್ ಮಾತ್ರ ನಾಲ್ಕು ತಾಲೂಕಿನ ಕೆಸರನ್ನೂ ಹೊತ್ತುಕೊಂಡಿರುತ್ತಿತ್ತು. "ಇದಕ್ಕೂ ಒಂದ್ಸಲ ಸಾಬೂನ್ ತೋರಸ್ರಿ ಸಾಹೇಬ್ರ" ಎಂದರೆ, "ಅದು ಸಾರಿಗೆ ಇಲಾಖೆಗೆ ಬರತೈತ್ರಿ" ಎನ್ನುತ್ತಿದ್ದರು. ಚಹಾ ಕುಡಿಯುವುದನ್ನಂತೂ ನೋಡಬೇಕಿತ್ತು. ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಎರಡೂ ಕೈಯಲ್ಲಿ ಬಸಿ ಹಿಡಿದು, ಊದಿ, ಪಕ್ಕದ ತರಗತಿಗೂ ಕೇಳುವಂತೆ ಸೊರ್ ಎಂದು ಎಳೆಯಬೇಕು. ಬಸಿ ಇಲ್ಲದೆ ಕುಡಿದ ಚಹಾ ಅವರ ಲೆಕ್ಕದಲ್ಲಿ ಔಷಧ.

ನನಗೂ ಅವರಿಗೂ ಗಂಟು ಬಿದ್ದದ್ದು ಒಂದು ಶಬ್ದದಿಂದ. ಬಂಕಾಪುರದ ಆಚೆಯ ನಮ್ಮ ಶಾಲೆಗೆ ಮೊದಲ ಸಲ ಬಂದ ದಿನವೇ ಸ್ಟಾಫ್ ರೂಮಿನಲ್ಲಿ ಕೂತು, "ಅಕ್ಕೋರ, ನೀವು ಕನ್ನಡ ಕಲಸವ್ರಂತ. ಹೈಜೀನ್ ಅಂದ್ರ ಕನ್ನಡದಾಗ ಏನ್ರಿ?" ಎಂದರು. ನಾನು ಗತ್ತಿನಿಂದ, "ನೈರ್ಮಲ್ಯ" ಎಂದೆ. ಸಾಹೇಬ್ರು ಹಣೆಗೆ ಕೈ ಹಚ್ಚಿಕೊಂಡರು.

ಅದರ ಕಥೆ ಆಮೇಲೆ ತಿಳಿಯಿತು. ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ ನೈರ್ಮಲ್ಯ ಸಮಿತಿ ಮಾಡಬೇಕೆಂದು ಗೋಡೆಯ ಮೇಲೆ ಬರೆಸಿದ್ದರು. ಬರೆಯುವ ಪೇಂಟರು ತನಗೆ ಗೊತ್ತಿದ್ದ ಶಬ್ದವನ್ನೇ ಬರೆದ: ಗ್ರಾಮ ನಿರ್ಮಾಲ್ಯ ಸಮಿತಿ. ದೇವರ ಮೇಲಿಂದ ತೆಗೆದ ಬಾಡಿದ ಹೂವು, ಪತ್ರಿಗಳಿಗೆ ನಿರ್ಮಾಲ್ಯ ಎನ್ನುತ್ತಾರೆ. ಮೊದಲ ಸಭೆಗೆ ಊರಿನ ಗಟಾರದ ಬಗ್ಗೆ ಮಾತಾಡಲು ಯಾರೂ ಬರಲಿಲ್ಲ. ಗುಡಿಯ ಪೂಜಾರಿ ಒಬ್ಬರೇ ಬುಟ್ಟಿ ಹಿಡಿದುಕೊಂಡು ಬಂದು, "ಇದನ್ನ ದಿನಾ ಒಯ್ಯಾಕ ಸರಕಾರದ ಗಾಡಿ ಬರತೈತೇನ್ರಿ?" ಎಂದು ಕೇಳಿದರಂತೆ.

ಸವಣೂರಿನ ಅವರ ಮನೆಯ ಮಾತು ಉರ್ದು; ಸ್ವಚ್ಛ ಇದ್ದದ್ದಕ್ಕೆಲ್ಲ ತಾಯಿ ಪಾಕ್ ಎನ್ನುತ್ತಿದ್ದರು. ಕೈ ಪಾಕ್, ಬಟ್ಟೆ ಪಾಕ್, ಮನೆ ಪಾಕ್. ಸಣ್ಣ ಶಬ್ದ, ಬಾಯಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಅದನ್ನು ಹಾನಗಲ್ಲಿನ ಹೆಣ್ಣುಮಕ್ಕಳ ಸಂಘದಲ್ಲಿ ಬಳಸಿದರು. "ಎಲ್ಲಾರೂ ದಿನಾ ಪಾಕ್ ಇರಬೇಕು" ಎಂದು ಭಾಷಣ ಮುಗಿಸಿದಾಗ ಕಬ್ಬು ಬೆಳೆಯುವ ಮನೆಯ ಒಬ್ಬ ಅವ್ವ ಎದ್ದು ನಿಂತು, "ಬೆಲ್ಲದ ಪಾಕ ಏನ್ರಿ? ಎಷ್ಟು ಎಳೀದು ಇರಬೇಕ್ರಿ?" ಎಂದರಂತೆ. ಅಲ್ಲಿಂದ ಮುಂದೆ ಸಭೆ ಉಂಡಿ ಕಟ್ಟುವ ಬಗ್ಗೆ ನಡೆಯಿತು.

ಸರಿ, ಇಂಗ್ಲಿಷ್ ಶಬ್ದವನ್ನೇ ಇಟ್ಟುಕೊಳ್ಳೋಣ ಎಂದುಕೊಂಡರು. ಹಿರೇಕೆರೂರಿನಲ್ಲಿ ಒಬ್ಬ ಖಾನಾವಳಿಯವನು ಸಾಹೇಬ್ರ ಮಾತು ಕೇಳಿ ಅಡುಗೆಮನೆಗೆ ಸುಣ್ಣ ಬಳಿದು, ನೀರಿಗೆ ಮುಚ್ಚಳ ಹಾಕಿ, ಹೊರಗೆ ಹೊಸ ಬೋರ್ಡ್ ಬರೆಸಿದ. ಬರೆದವನು ಕೊನೆಯಲ್ಲಿ 'ನ್' ಬದಲು ಪೂರ್ತಿ 'ನ' ಬರೆದ. 'ಹೈಜೀನ ಖಾನಾವಳಿ' ಎಂದಾಯಿತು. ಜೀನ ಎಂದರೆ ಜಿಪುಣ ಎಂದು ನಮ್ಮ ಕಡೆ ಕೂಸಿಗೂ ಗೊತ್ತು. ಸಾದಾ ಜೀನ ಅಲ್ಲ, ಹೈ ಜೀನ! ಸಂತೆಗೆ ಬಂದವರು ಬೋರ್ಡ್ ಓದಿ, "ಎರಡನೇ ಸಲ ಪಲ್ಯ ಹಾಕೂದಿಲ್ಲ ಅಂತ ಮೊದಲಾ ಹೇಳಿಬಿಟ್ಟಾನ, ಪ್ರಾಮಾಣಿಕ ಮನಶ್ಯಾ" ಎಂದು ಮುಂದಿನ ಅಂಗಡಿಗೆ ಹೋದರು. ಖಾನಾವಳಿಯವನು ಸಾಹೇಬ್ರ ಮೇಲೆ ಬಹಳ ದಿನ ಸಿಟ್ಟಾಗಿದ್ದ.

ಹೀಗೆ ಅವರು ಪ್ರತಿ ಸಲ ಬಂದಾಗಲೂ ಒಂದು ಶಬ್ದ ಕೊಂಡು ಬರುವರು, ಒಂದು ಶಬ್ದ ಬಿಟ್ಟು ಹೋಗುವರು. ಅಬಲೂರಿನ ಹೊಲದಲ್ಲಿ ಜೋಳ ಕೇರುತ್ತಿದ್ದ ಹೆಣ್ಣುಮಗಳ ಬಾಯಿಂದ 'ಹಸನ' ಸಿಕ್ಕ ದಿನ ಲಾಟರಿ ಹೊಡೆದವರಂತೆ ಬಂದಿದ್ದರು. "ಕಾಳು ಹಸನ, ಹೊಲ ಹಸನ, ಬಾಳು ಹಸನ! ಇದ್ರಾಗ ಎಲ್ಲಾ ಐತ್ರಿ ಅಕ್ಕೋರ!" ಯಾರು ದೊಡ್ಡ ಶಬ್ದ ಬಳಸಿದರೂ ಕೈ ಎತ್ತಿ ತಡೆದು, "ಕನ್ನಡದಾಗ ಹೇಳ್ರಿ" ಎನ್ನುವುದು ಅವರಿಗೆ ಚಟವಾಯಿತು. ಸಂಸ್ಕೃತದ ಕನ್ನಡಕ್ಕೂ ಹಾಗೆಯೇ ಎನ್ನುತ್ತಿದ್ದರು. ಒಮ್ಮೆ ಮೇಲಧಿಕಾರಿಯೊಬ್ಬರು ಸಭೆಯಲ್ಲಿ ಅರ್ಧ ಗಂಟೆ ಮಾತಾಡಿ ಕೂತಾಗಲೂ ಇವರು ಎದ್ದು ನಿಂತು ಅದನ್ನೇ ಹೇಳಿ, ಮುಂದಿನ ವಾರ ದೂರದ ತಾಲೂಕಿಗೆ ಡ್ಯೂಟಿ ಹಾಕಿಸಿಕೊಂಡಿದ್ದರು.

ಒಂದು ದಿನ ನಾನೇ ಬೇಸತ್ತು, "ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಮಡಿ ಅನ್ರಿ, ಎಲ್ಲಾರಿಗೂ ತಿಳೀತೈತಿ" ಎಂದೆ.

ಸಾಹೇಬ್ರು ಬಸಿ ಕೆಳಗಿಟ್ಟರು. "ಬ್ಯಾಡ್ರಿ. ಅದು ಕೈಗೆ ಹತ್ತಿದ ಹೊಲಸಿನ ಮಾತಲ್ಲ. ಯಾರು ಯಾರನ್ನ ಮುಟ್ಟಬೇಕು ಅನ್ನೂ ಮಾತು. ನನ್ನ ಕಡೆ ಇರೂ ಸಾಬೂನು ಅದಕ್ಕ ನಡಿಯೂದಿಲ್ಲ."

ಅವರು ನಗದೆ ಹೇಳಿದ ಮಾತುಗಳು ಕಡಿಮೆ. ಅದಕ್ಕೇ ಇದು ನೆನಪಿನಲ್ಲಿ ಉಳಿದಿದೆ.

ಕೊರೋನಾ ಬಂದು ಹೋದ ಮೇಲೆ ಅವರ ಶಬ್ದಕ್ಕೆ ಶುಕ್ರದೆಸೆ ತಿರುಗಿತು. ಊರಿನ ಕ್ಷೌರದ ಅಂಗಡಿಯಿಂದ ಹಿಡಿದು ಗಿರಣಿಯವರೆಗೆ ಎಲ್ಲರ ಬಾಯಲ್ಲೂ ಹೈಜೀನ್. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಂತೂ ಆ ಶಬ್ದವನ್ನು ಮೀಸೆಯ ಹಾಗೆ ತಿರುವುತ್ತಿದ್ದರು. ಅವರದು ಊರಿನಲ್ಲಿ ಹೊಲ, ಮನೆ, ಮಾತು ಎಲ್ಲ ಇದ್ದ ಕುಟುಂಬ. ಕೆಟ್ಟವರೆಂದು ನಾನು ಹೇಳುವುದಿಲ್ಲ. ಶಾಲೆಗೆ ಬೆಂಚು ಕೊಡಿಸಿದ್ದಾರೆ, ಬೋರ್‌ವೆಲ್ ಕೆಟ್ಟಾಗ ಸ್ವಂತ ಟ್ರ್ಯಾಕ್ಟರಿನಲ್ಲಿ ನೀರು ತಂದು ಹಾಕಿದ್ದಾರೆ. ಒಮ್ಮೆ ಸಾಹೇಬ್ರನ್ನೂ ನನ್ನನ್ನೂ ಮನೆಗೆ ಚಹಾಕ್ಕೆ ಕರೆದರು. ನನಗೂ ಅಧ್ಯಕ್ಷರಿಗೂ ಹೂವಿನ ಚಿತ್ರದ ಕಪ್ಪು-ಬಸಿ ಬಂತು. ಸಾಹೇಬ್ರಿಗೆ ಪೇಪರ್ ಕಪ್ಪು. "ಹೈಜೀನ್ ಸಾಹೇಬ್ರಲ್ಲ, ಅವರಿಗೆ ಹೊಸಾ ಕಪ್ಪಾ ಆಗಬೇಕು" ಎಂದು ಅಧ್ಯಕ್ಷರು ನಕ್ಕರು. ಬಸಿ ಇಲ್ಲ. ಸಾಹೇಬ್ರು ಕರವಸ್ತ್ರದಲ್ಲಿ ಕಪ್ಪು ಸುತ್ತಿ ಹಿಡಿದು ಸುಟ್ಟ ಬಾಯಲ್ಲೇ ಕುಡಿದರು. ಹೊರಗೆ ಬಂದು ಸ್ಕೂಟರ್ ಒದೆಯುತ್ತ, "ನೋಡಿದ್ರಿಲ್ಲೊ ಅಕ್ಕೋರ? ನಮ್ಮ ಭಾಷಣ ಹತ್ತೇತಿ ಇವರಿಗೆ!" ಎಂದು ಕುಣಿದಾಡಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಅಷ್ಟು ಖುಷಿಯಲ್ಲಿದ್ದ ಮನುಷ್ಯನಿಗೆ ಏನು ಹೇಳುವುದು? ಆಮೇಲೂ ಆ ಮನೆಯಲ್ಲಿ ಅವರಿಗೆ ಪ್ರತಿ ಸಲ ಪೇಪರ್ ಕಪ್ಪೇ ಬಂತು.

ಮುಂದಿನ ವರ್ಷ ನಮ್ಮ ಶಾಲೆಯ ಬಿಸಿಯೂಟಕ್ಕೆ ದುರಗವ್ವ ಎಂಬ ಹೊಸ ಅಡುಗೆಯವಳು ಬಂದಳು. ದಲಿತರ ಕೇರಿಯವಳು. ಗಂಡ ತೀರಿಕೊಂಡಿದ್ದ, ಮನೆ ಅವಳ ಮೇಲೆಯೇ ನಿಂತಿತ್ತು. ಬಂದ ವಾರದಲ್ಲೇ ಅರ್ಧ ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದರು. ಸಮಿತಿಯ ಸಭೆ ಸೇರಿತು. ಅಧ್ಯಕ್ಷರು ಬಹಳ ನಯವಾಗಿ, "ಜಾತಿ ಗೀತಿ ನಮ್ಮೂರಾಗ ಏನಿಲ್ಲರಿ. ಹೈಜೀನ್ ಪ್ರಶ್ನೆ. ಆಕಿನ ಬಿಡಸ್ರಿ, ಬ್ಯಾರೆಯವರನ್ನ ಹಚ್ಚರಿ. ಬೇಕಂದ್ರ ಹೈಜೀನ್ ಸಾಹೇಬ್ರನ್ನ ಕರಸ್ರಿ. ಅವರು ನೋಡಿ ಬರದ ಕೊಡ್ಲಿ" ಎಂದರು. ತಮ್ಮ ಮನೆಯ ಚಹಾ ಕುಡಿದ ಮನುಷ್ಯ ತಮ್ಮ ಮಾತನ್ನೇ ಬರೆದುಕೊಡುತ್ತಾನೆ ಎಂಬ ಭರವಸೆ ಅವರಿಗಿತ್ತು. ನಿಜ ಹೇಳಬೇಕೆಂದರೆ ನನಗೂ ಅದೇ ಹೆದರಿಕೆ.

ದುರಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಂದೆ ಮಾಡಿದಳು. "ಅಕ್ಕೋರ, ತೊಳದ್ ತೊಳದ್ ಬೆರಳು ಬಿಳಚ್ಯಾವ್ರಿ. ಇನ್ನ ಎಲ್ಲಿ ತೊಳೀಬೇಕು, ಆ ಸಾಹೇಬ್ರಿಗೆ ಕೇಳಿ ಹೇಳ್ರಿ. ಅಲ್ಲೂ ತೊಳೀತೇನಿ." ನಾನು ಸಾಹೇಬ್ರಿಗೆ ಫೋನ್ ಹಚ್ಚಿದೆ.

ಸಾಹೇಬ್ರು ಬಂದದ್ದು ಊಟದ ಗಂಟೆಗೆ ಸ್ವಲ್ಪ ಮುಂಚೆ. ಚಂಚಿ ಬಿಚ್ಚಿದರು, ಕೈ ತೊಳೆದರು, ಅಡುಗೆಮನೆಯ ಮೂಲೆ ಮೂಲೆ ನೋಡಿದರು, ಸಾರಿನ ಪಾತ್ರೆಯ ಮುಚ್ಚಳ ತೆಗೆದು ವಾಸನೆ ನೋಡಿದರು. ಆಮೇಲೆ ಬಂದು ಸಮಿತಿಯವರ ಎದುರು ಕೂತರು.

"ಹೇಳ್ರಿ ಅಧ್ಯಕ್ಷರ, ಏನ್ ತಕರಾರು?"

"ಅದಾ ರೀ, ಹೈಜೀನ್ ಇಲ್ಲ."

"ಕನ್ನಡದಾಗ ಹೇಳ್ರಿ."

ಅಧ್ಯಕ್ಷರು ನಕ್ಕರು. "ನೀವಾ ಕಲಿಸಿದ ಶಬ್ದ ನಮಗಾ ಕೇಳತೀರಲ್ಲ!"

"ಅದಕ್ಕ ಕೇಳಾಕತ್ತೇನಿ. ನಾ ಇಷ್ಟು ವರ್ಷ ನಾಲ್ಕೂ ತಾಲೂಕು ಅಡ್ಡಾಡೇನಿ, ಬರೋಬ್ಬರಿ ಶಬ್ದ ಸಿಕ್ಕಿಲ್ಲ. ನಿಮಗ ಸಿಕ್ಕಿರಬೇಕು. ಆಕಿ ಸ್ವಚ್ಛ ಇಲ್ಲೇನ್ರಿ?"

"ಸ್ವಚ್ಛ ಅದಾಳ. ಯಾರು ಇಲ್ಲಂದ್ರು?"

"ಚೊಕ್ಕ?"

"ಚೊಕ್ಕ ಅದಾಳ್ರಿ."

"ಅಕ್ಕಿ, ಬ್ಯಾಳಿ ಹಸನ ಮಾಡತಾಳಿಲ್ಲೊ?"

"ಮಾಡತಾಳ."

"ಅಡಗಿ ಮನಿ ಸಾಫ್ ಐತಿಲ್ಲೊ?"

"ಐತ್ರಿ."

"ನಮ್ಮವ್ವ ಪಾಕ್ ಅಂತಿದ್ಲು. ಪಾಕ್ ಐತಿಲ್ಲೊ?"

"ಅದೂ ಐತಿ ಅಂತ ಇಟಗೋರಿ."

"ನೈರ್ಮಲ್ಯ?"

ಹಿಂದೆ ಕೂತಿದ್ದ ಒಬ್ಬ ಸದಸ್ಯ ಕಿಸಕ್ಕೆಂದ. ಪೂಜಾರಿಯ ಬುಟ್ಟಿಯ ಕಥೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅಧ್ಯಕ್ಷರ ಮುಖದಲ್ಲಿ ಮಾತ್ರ ಈಗ ನಗು ಇರಲಿಲ್ಲ.

ಸಾಹೇಬ್ರು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. "ನನ್ನ ಕಡೆ ಇದ್ದ ಶಬ್ದ ಎಲ್ಲಾ ಮುಗದ್ವು. ಇನ್ನೊಂದು ಉಳದೈತಿ. ಅದನ್ನ ನಾ ಹೇಳೂದಿಲ್ಲ. ನೀವು ಬಾಯಿಬಿಟ್ಟು ಹೇಳ್ರಿ, ನಿಮ್ಮ ಹೆಸರಿನ್ಯಾಗ ಬರದ ಕೊಡ್ತೇನಿ."

ಅಡುಗೆಮನೆಯಲ್ಲಿ ಸಾರು ಕುದಿಯುವ ಸದ್ದು ಕೇಳುತ್ತಿತ್ತು. ದುರಗವ್ವ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಸಾಹೇಬ್ರು ಪೆನ್ನು ಹಿಡಿದೇ ಕಾದರು. ಅಧ್ಯಕ್ಷರು ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೊನೆಗೆ ತಮ್ಮ ಚಪ್ಪಲಿಯ ಕಡೆ ನೋಡಿದರು.

"ಹೇಳಾಕ ನಾಚಿಕಿ ಬರತೈತಿ ಅಂದ್ರ ಮಾಡಾಕೂ ಬ್ಯಾಡ್ರಿ" ಎಂದರು ಸಾಹೇಬ್ರು, ಪೆನ್ನು ಮುಚ್ಚುತ್ತ. ಆಮೇಲೆ ಎಂದಿನ ತಮಾಷೆಯ ದನಿಯಲ್ಲೇ, "ಆ ಶಬ್ದ ನನಗೂ ಗುರ್ತೈತ್ರಿ. ನಿಮ್ಮ ಮನ್ಯಾಗ ಪೇಪರ್ ಕಪ್ಪಿನ್ಯಾಗ ಹಾಕಿ ಕೊಡ್ತಿದ್ರಲ್ಲ. ಭಾಳ ಸುಡತಿತ್ತು" ಎಂದರು.

ಅಂದರೆ ಅವರಿಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಸ್ಕೂಟರಿನ ಹತ್ತಿರ ಕುಣಿದಾಡಿದ್ದು ನನಗೆ ಬೇಜಾರಾಗದಿರಲಿ ಎಂದು. ಸಾಹೇಬ್ರಿಗೆ ಅಷ್ಟರಲ್ಲಿ ಹಸಿವಾಗಿತ್ತು. ಮಕ್ಕಳನ್ನೆಲ್ಲ ನಳದ ಹತ್ತಿರ ಸಾಲು ನಿಲ್ಲಿಸಿ ಕೈ ತೊಳೆಸಿ, ತಾವೂ ಅವರ ಪಂಕ್ತಿಯಲ್ಲೇ ತಾಟು ಹಾಕಿಸಿಕೊಂಡು ಕೂತರು. ದುರಗವ್ವ ಹೆದರಿ ಹೆದರಿ ಒಂದು ಸೌಟು ಸಾರು ಹಾಕಿದಳು. "ಅವ್ವಾ, ಹಿರೇಕೆರೂರಿನ ಖಾನಾವಳಿ ಅಲ್ಲ ಇದು, ಜೀನತನ ಮಾಡಬ್ಯಾಡ, ಹಾಕು" ಎಂದರು. ಅವಳು ನಕ್ಕಳು. ಆ ಶಾಲೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ದುರಗವ್ವನ ಕೆಲಸ ಉಳಿಯಿತು. ಡಬ್ಬಿಗಳು ನಿಧಾನವಾಗಿ ಕಡಿಮೆಯಾದವು. ಅದಕ್ಕೆ ಮನಸ್ಸು ಬದಲಾದದ್ದು ಎಷ್ಟು ಕಾರಣವೋ, ಮುಂಜಾನೆ ಎದ್ದು ಡಬ್ಬಿ ಕಟ್ಟಿ ಕಟ್ಟಿ ಅವ್ವಂದಿರು ಬೇಸತ್ತದ್ದು ಎಷ್ಟು ಕಾರಣವೋ ನಾನು ಹೇಳಲಾರೆ. ಅಧ್ಯಕ್ಷರು ಮಾತ್ರ ಸಾಹೇಬ್ರ ಎದುರು ಬರುವುದನ್ನೇ ಬಿಟ್ಟರು. ಸ್ಕೂಟರಿನ ಸದ್ದು ಕೇಳಿದರೆ ಹೊಲದ ನೆನಪಾಗುತ್ತಿತ್ತು ಅವರಿಗೆ.

ಸಾಹೇಬ್ರು ನಿವೃತ್ತರಾದಾಗ ನಮ್ಮನ್ನೆಲ್ಲ ಸವಣೂರಿನ ಮನೆಗೆ ಕರೆದರು. ಶಾಲೆಯ ಪರವಾಗಿ ಶಾಲು ಹೊದಿಸಬೇಕಾದವರು ಅಧ್ಯಕ್ಷರೇ ತಾನೆ? ಒಲ್ಲೆ ಎನ್ನಲಾಗದೆ ಬಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಕುರ್ಚಿಯ ತುದಿಯಲ್ಲಿ ಕೂತರು. ಖಾರಾ ಬಂತು. ಆಮೇಲೆ ಸಾಹೇಬ್ರ ಸೊಸೆ ಚಹಾ ತಂದಳು. ಟ್ರೇಯಲ್ಲಿ ನೀಲಿ ಅಂಚಿನ ಕಪ್ಪು-ಬಸಿಗಳು, ಅವುಗಳ ನಡುವೆ ಒಂದು ಪೇಪರ್ ಕಪ್ಪು. ಸಾಹೇಬ್ರು ಎದ್ದು ಅದನ್ನು ಎರಡೂ ಕೈಯಲ್ಲಿ ಎತ್ತಿ ಅಧ್ಯಕ್ಷರಿಗೆ ಕೊಟ್ಟರು. "ತಗೋರಿ. ನಮ್ಮ ಮನಿ ಕಪ್ಪು ನಿಮಗ ನಡೀತೈತೊ ಇಲ್ಲೊ ಅಂತ, ನಿಮ್ಮ ಸಲುವಾಗಿ ಬ್ಯಾರೆ ತರಿಸೇನಿ."

ಅದು ಚೇಷ್ಟೆಯೋ ಮರ್ಯಾದೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅವರ ಮುಖ ಪರೀಕ್ಷೆಯ ದಿನದ ಮೇಷ್ಟರ ಹಾಗೆ ಗಂಭೀರವಾಗಿತ್ತು. ಹೇಳಿ, ತಮ್ಮ ಜಾಗಕ್ಕೆ ಬಂದು ಕೂತು, ತಮ್ಮ ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ ಎಂದು ಒಂದು ಗುಟುಕು ಎಳೆದರು. ಬಸಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿ ಏನೋ ಕೇಳಿದರು.

ಅಧ್ಯಕ್ಷರು ಪೇಪರ್ ಕಪ್ಪು ಹಿಡಿದೇ ಕೂತಿದ್ದರು. ಬೆರಳು ಸುಡುತ್ತಿತ್ತೆಂದು ಕಾಣುತ್ತದೆ, ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ ಅದನ್ನು ಕುರ್ಚಿಯ ಕೆಳಗಿಟ್ಟು, ಮುಂದಕ್ಕೆ ಬಾಗಿ, ಮೇಜಿನ ಮೇಲಿದ್ದ ಸಾಹೇಬ್ರ ಬಸಿಯನ್ನು ಎತ್ತಿ, ಉಳಿದಿದ್ದ ಚಹಾವನ್ನೆಲ್ಲ ಒಂದೇ ಉಸಿರಿಗೆ ಸೊರ್ ಎಂದು ಕುಡಿದುಬಿಟ್ಟರು.

ಸಾಹೇಬ್ರು ಹೌಹಾರಿ ಎದ್ದು ನಿಂತರು. "ಅಯ್ಯಯ್ಯ! ಅಧ್ಯಕ್ಷರ, ನಾ ಬಾಯಿ ಹಚ್ಚಿದ ಬಸಿ ಐತ್ರಿ ಅದು! ಹೈಜೀನ್ ಅಲ್ಲರಿ ಅದು!"

ಅಧ್ಯಕ್ಷರು ಮೀಸೆ ಒರೆಸಿಕೊಂಡರು. "ಕನ್ನಡದಾಗ ಹೇಳ್ರಿ, ಸಾಹೇಬ್ರ" ಎಂದರು.

ಸಾಹೇಬ್ರು ಬಾಯಿ ತೆರೆದರು. ಮುಚ್ಚಿದರು. ನಾಲ್ಕು ತಾಲೂಕಿನಲ್ಲಿ ಕೂಡಿಹಾಕಿದ ಶಬ್ದಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಕಣ್ಣು ಒದ್ದೆಯಾದವು, ಮತ್ತೆ ಅದೇ ಕಣ್ಣು ನಗತೊಡಗಿದವು. ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಇನ್ನೊಂದು ಕಪ್ಪು ಬಸಿ ತಗೊಂಡು ಬಾರವಾ... ಬ್ಯಾಡ, ಬಸಿ ಬ್ಯಾಡ, ಇದಾ ಸಾಕು. ಚಾ ಅಷ್ಟ ತಾ."